ಇಸಬಿರ್ಯೆಯ ನಾಲ್ಕನೆಯ ದೋಣಿ

ನೈಲ್ ದಡದ ನಮ್ಮ ಬುಜಾಗಾಲಿಗೆ ಬಂದು ಕೆಜೆಕಿಯ ಮಗುಂಬ ಎನ್ನುವವನು ಯಾರು ಎಂದು ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇಸಬಿರ್ಯೆ ಎನ್ನಿ, ಮೂರು ವರ್ಷದ ಕೂಸೂ ಮನೆ ತೋರಿಸುತ್ತದೆ. ಅವಳಿ ಮಕ್ಕಳ ತಂದೆಗೆ ನಮ್ಮ ಬುಸೋಗ ಸೀಮೆಯಲ್ಲಿ ಸಿಗುವ ಹೆಸರು ಅದು. ಅದು ಸಿಕ್ಕ ಮೇಲೆ ಹಳೆಯ ಹೆಸರು ಹಿಡಿದು ಕರೆದವನು ಬೈಸಿಕೊಳ್ಳಲು ಸಿದ್ಧನಾಗಿಯೇ ಇರಬೇಕು. ನಮ್ಮ ಇಸಬಿರ್ಯೆಯಂತೂ ಆ ಹೆಸರನ್ನು ಅರಸನ ಪಟ್ಟದಂತೆ ಹೊತ್ತುಕೊಂಡೇ ಓಡಾಡುತ್ತಾನೆ.

ಅವನ ಕಸುಬು ಕಯಾಕ್, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಹಗುರ ದೋಣಿ, ಸಾಗಿಸುವುದು. ಒಂದು ಕಾಲಕ್ಕೆ ಜಲಪಾತ ನಮ್ಮ ಮನೆಬಾಗಿಲಲ್ಲೇ ಭೋರ್ಗರೆಯುತ್ತಿತ್ತು. ಹುಟ್ಟು ಹಾಕುವವರು ದೋಣಿಯನ್ನು ಹೆಗಲ ಮೇಲಿಟ್ಟುಕೊಂಡು ನಡೆದೇ ನೀರಿಗೆ ಇಳಿಯುತ್ತಿದ್ದರು. ಆಮೇಲೆ ಅಣೆಕಟ್ಟು ಎದ್ದಿತು, ನೈಲ್ ನಿಂತ ನೀರಾಯಿತು, ಜಲಪಾತ ಅದರಡಿಗೆ ಹೋಯಿತು. ಅರ್ಧ ಊರು ತಲೆಯ ಮೇಲೆ ಕೈ ಹೊತ್ತು ಕೂತಾಗ ಇಸಬಿರ್ಯೆ ಮಾತ್ರ, "ಸದ್ದು ಹೊಳೆ ಕೆಳಗಡೆ ಇಟಾಂಡ ಜಲಪಾತಕ್ಕೆ ಹೋಗಿದೆ. ದೋಣಿಗಳೂ ಅಲ್ಲಿಗೇ ಹೋಗ್ಬೇಕು. ಅವಕ್ಕೇನು ಕಾಲಿದ್ಯಾ?" ಎಂದ. ಜಿಂಜಾ ಸಂತೆಗೆ ಬಾಳೆಗೊನೆ ಹೊರುತ್ತಿದ್ದ ತನ್ನ ಪಿಕಪ್‌ಗೆ ನೀರಿನ ಪೈಪು ಬೆಸುಗೆ ಹಾಕಿಸಿ ಮೇಲೆ ಕ್ಯಾರಿಯರ್ ಮಾಡಿಸಿದ. ಅಂದಿನಿಂದ ಇಂದಿನವರೆಗೆ ಅವನ ಕ್ಯಾರಿಯರ್‌ನಿಂದ ಒಂದೇ ಒಂದು ದೋಣಿ ಉರುಳಿದ್ದಿಲ್ಲ. ಈ ಮಾತನ್ನು ಅವನು ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ.

ಅವನು ಕಟ್ಟುವ ರೀತಿಯೇ ಬೇರೆ. ಅಂಗಡಿಯ ಬೆಲ್ಟು ಅವನಿಗೆ ಸೇರದು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿಗಳೇ ಆಗಬೇಕು. ದೋಣಿಗಳನ್ನು ಮಗ್ಗುಲಾಗಿ ನಿಲ್ಲಿಸಿ, ಬೆನ್ನಿಗೆ ಬೆನ್ನು ಕೊಟ್ಟು, ಜೋಡಿ ಜೋಡಿಯಾಗಿ ಬಿಗಿಯುತ್ತಾನೆ. ಒಂಟಿ ದೋಣಿ ಗಾಳಿಗೆ ಅಲುಗುತ್ತದೆ ಎನ್ನುವುದು ಅವನ ಬಾಯಿಮಾತಿನ ಕಾರಣ. ಅವಳಿಗಳ ತಂದೆ ಯಾವುದನ್ನೂ ಒಂಟಿಯಾಗಿ ಬಿಡಬಾರದು ಎನ್ನುವುದು ಒಳಗಿನ ಕಾರಣ. ಹಾಗಾಗಿ ದೋಣಿ ಮೂರಿದ್ದರೆ ಹಿತ್ತಲಿಂದ ಒಂದು ಬಾಳೆಬೊಡ್ಡೆ ಕಡಿದು, ಗೋಣಿ ಸುತ್ತಿ, ನಾಲ್ಕನೆಯ ಜಾಗದಲ್ಲಿ ಬಿಗಿಯುತ್ತಾನೆ. ಬೊಡ್ಡೆ ಮೆತ್ತಗೆ, ದೋಣಿಗೆ ಗೀರು ಬೀಳುವುದಿಲ್ಲ. ಹುಡುಗರು ಅದಕ್ಕೆ ನಾಲ್ಕನೆಯ ದೋಣಿ ಎಂದೇ ಹೆಸರಿಟ್ಟಿದ್ದಾರೆ.

"ಇಸಬಿರ್ಯೆ, ನಿನ್ನ ಬೊಡ್ಡೆಗೂ ಒಂದು ಹೆಲ್ಮೆಟ್ ಹಾಕ್ಲಾ?" ಎಂದು ದೋಣಿ ಹುಡುಗ ಮುತಾಸ ರೇಗಿಸಿದರೆ, "ಹಾಕಪ್ಪಾ ಹಾಕು. ನಿನ್ನ ತಲೇಲಿ ಇರೋದಕ್ಕಿಂತ ಜಾಸ್ತಿ ಸರಕು ಅದರೊಳಗಿದೆ" ಎಂದು ಇವನು ಗಂಟು ಬಿಗಿಯುತ್ತಲೇ ಉತ್ತರ ಕೊಡುತ್ತಾನೆ.

ಅವಳಿಗಳಲ್ಲಿ ಮೊದಲನೆಯವಳು ಬಬಿರ್ಯೆ, ಎರಡನೆಯವಳು ಕವುಧ. ಬಬಿರ್ಯೆ ಬಟ್ಟೆ ಹೊಲಿಯುತ್ತಾಳೆ, ನೀರು ಕಂಡರೆ ದೂರ. ಕವುಧ ನೀರು ಬಿಟ್ಟರೆ ಬೇರೆ ಕಡೆ ಕಾಣಸಿಗುವುದಿಲ್ಲ. ಅವಳಿಗಳಲ್ಲಿ ಒಬ್ಬಳಿಗೆ ಕೊಟ್ಟದ್ದನ್ನು ಇನ್ನೊಬ್ಬಳಿಗೂ ಕೊಡಬೇಕು, ಇಲ್ಲದಿದ್ದರೆ ಮನೆಗೆ ಕೇಡು. ಕವುಧಳಿಗೆ ಲೈಫ್ ಜಾಕೆಟ್ ತಂದ ದಿನ ಬಬಿರ್ಯೆಗೂ ಒಂದು ಬಂತು. ಅವಳು ಅದನ್ನು ಹೊಲಿಗೆ ಅಂಗಡಿಯ ಗೋಡೆಗೆ ನೇತುಹಾಕಿ ಸೂಜಿ ಚುಚ್ಚಿಡಲು ಬಳಸುತ್ತಾಳೆ.

ಒಂದು ವರ್ಷ ಇಟಾಂಡದಲ್ಲಿ ಅಲೆಯ ಮೇಲೆ ದೋಣಿ ಆಡಿಸುವ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಹೆಂಗಸರ ಸರದಿ ಇಟ್ಟರು. ಬೇರೆ ಬೇರೆ ದೇಶದ ಹೆಣ್ಣುಮಕ್ಕಳ ನಡುವೆ ನಮ್ಮ ದಡದಿಂದ ಒಂದೇ ಹೆಸರು, ಕವುಧ. ಕಟ್ಟಳೆ ಒಂದೇ: ಹೆಸರು ಕೂಗಿದಾಗ ದೋಣಿಯೊಂದಿಗೆ ದಡದಲ್ಲಿ ಇರಬೇಕು. ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ಅತ್ತರೂ ಕೇಳುವುದಿಲ್ಲ, ಕರೆದರೂ ಕೇಳುವುದಿಲ್ಲ.

ಅಂದು ಬೆಳಿಗ್ಗೆ ಮೂರು ದೋಣಿ ಏರಿದವು. ಒಂದು ಕವುಧಳದು, ಇನ್ನೆರಡು ಮುತಾಸ ಮತ್ತು ಅವನ ಅಣ್ಣನವು. ಬಾಳೆಬೊಡ್ಡೆಯೂ ಬಂತು. ಆದರೆ ಗೋಣಿಯನ್ನು ಇಲಿ ತಿಂದಿತ್ತು. ಬಾಳೆಯ ಕರೆ ತಾಗಿದರೆ ಮಗಳ ದೋಣಿಯ ಹಳದಿ ಬಣ್ಣ ಹಾಳು. ಇಸಬಿರ್ಯೆ ಒಳಗೆ ಹೋಗಿ ಪೆಟ್ಟಿಗೆ ತೆರೆದ. ತೊಗಟೆ ಕುಟ್ಟಿ ಮಾಡಿದ ಕಂದು ನಾರುಬಟ್ಟೆ, ತಂದೆಯ ಕಾಲದಿಂದ ಬಂದದ್ದು, ಅದನ್ನೇ ತಂದ. ಬೊಡ್ಡೆಗೆ ನೀಟಾಗಿ ಸುತ್ತಿದ. ತಲೆಯ ಕಡೆ ಒಂದು, ನಡುವೆ ಒಂದು, ಕಾಲ ಕಡೆ ಒಂದು ಗಂಟು ಹಾಕಿದ.

ನಾರುಬಟ್ಟೆಯಲ್ಲಿ ನಾವು ಏನನ್ನು ಸುತ್ತುತ್ತೇವೆಂದು ಬುಸೋಗದಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಿಲ್ಲ. ಹೆಣವನ್ನು. ಇಸಬಿರ್ಯೆಗೂ ಅದು ಗೊತ್ತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಅಂದು ಅವನ ಕಣ್ಣಿಗೆ ಮಗಳೊಬ್ಬಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಉಳಿದವರು ಹೊರಡುವ ಗಡಿಬಿಡಿಯಲ್ಲಿ ಅತ್ತ ನೋಡಲಿಲ್ಲ.

ಕೆಂಪು ಮಣ್ಣಿನ ರಸ್ತೆಯಲ್ಲಿ ಪಿಕಪ್ ಹೊರಟಿತು. ಮುತಾಸ ಮತ್ತು ಅವನ ಅಣ್ಣ ಹಿಂದೆ ನಿಂತರು, ಕವುಧ ಅಪ್ಪನ ಪಕ್ಕ ಕೂತಳು. ದಾರಿಯುದ್ದಕ್ಕೂ ಬಾಡಿಗೆ ಬೈಕಿನವರು ಪಕ್ಕಕ್ಕೆ ಸರಿದು ನಿಂತರು. ಚಪಾತಿ ಬೇಯಿಸುತ್ತಿದ್ದವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಸಿಹಿಗೆಣಸಿನ ಹೊಲದ ಹೆಂಗಸರು ಗುದ್ದಲಿ ಇಳಿಸಿ ತಲೆಬಾಗಿದರು.

"ನೋಡ್ದಾ ಮಗಾ," ಎಂದ ಇಸಬಿರ್ಯೆ, ಎದೆಯುಬ್ಬಿಸಿ, ಅವರಿಗೆಲ್ಲ ಕೈ ಬೀಸುತ್ತ. "ಸುದ್ದಿ ಊರೂರಿಗೆ ಹಬ್ಬಿಬಿಟ್ಟಿದೆ."

"ಎಲ್ರೂ ಯಾಕಪ್ಪಾ ಮುಖ ಸಣ್ಣ ಮಾಡ್ಕೊಂಡಿದ್ದಾರೆ?"

"ಮರ್ಯಾದೆ ಕಣೇ ಅದು. ಮರ್ಯಾದೆ ಕೊಡೋವಾಗ ಯಾರಾದ್ರೂ ಹಲ್ಲು ಕಿರೀತಾರಾ?"

ನಬಿಕೂಲಿ ಪೇಟೆ ದಾಟುವಾಗ ಪಿಕಪ್ ನಿಂತಿತು. ಕಬ್ಬಿನ ಟ್ರೇಲರ್ ಒಂದು ರಸ್ತೆಯ ಅಂಚಿಗೆ ಮಗುಚಿ, ರಸ್ತೆಗೆ ಅಡ್ಡಲಾಗಿ ಆಳೆತ್ತರ ಕಬ್ಬು ಚೆಲ್ಲಿತ್ತು. ಎರಡು ಪಕ್ಕವೂ ಚರಂಡಿ, ಆಚೆ ಕಬ್ಬಿನ ಗದ್ದೆ. ಇಡೀ ಪೇಟೆ ಅಲ್ಲಿ ನೆರೆದು ಬಿಟ್ಟಿ ಕಬ್ಬು ಜಗಿಯುತ್ತಿತ್ತು. ಟ್ರ್ಯಾಕ್ಟರಿನವನು ನೆರಳಲ್ಲಿ ಮಲಗಿದ್ದ.

ಮುತಾಸ ಹಾರಿ ಇಳಿದು ಕೈಮುಗಿದ. "ಅಣ್ಣಂದಿರಾ, ಒಂಚೂರು ದಾರಿ ಮಾಡಿಕೊಡಿ, ಹೊತ್ತಾಗ್ತಿದೆ."

"ಮಿಲ್ಲಿನೋರು ಬಂದು ಎತ್ತುತಾರೆ," ಎಂದ ಒಬ್ಬ, ಸಿಪ್ಪೆ ಉಗಿದು. "ಅವಸರ ಇದ್ರೆ ಹಾರ್ಕೊಂಡು ಹೋಗು. ಬಾ, ಕಬ್ಬು ತಿನ್ನು."

ಅಷ್ಟರಲ್ಲಿ ಯಾರದೋ ಕಣ್ಣು ಕ್ಯಾರಿಯರ್ ಮೇಲೆ ಬಿತ್ತು. ಮೂರು ದೋಣಿ, ಪಕ್ಕದಲ್ಲಿ ನಾರುಬಟ್ಟೆಯಲ್ಲಿ ಸುತ್ತಿ ಮೂರು ಕಡೆ ಬಿಗಿದದ್ದು. ಜಗಿಯುವ ಬಾಯಿಗಳು ನಿಂತವು. ಟೋಪಿಗಳು ಇಳಿದವು. ಗುಂಪಿನ ಹಿಂದಿನಿಂದ ಮುದುಕಿಯೊಬ್ಬಳ ಗೋಳು ಎದ್ದಿತು. ಯಾರೂ ಹೇಳದೆಯೇ ಗಂಡಸರು ಅಂಗಿ ತೋಳು ಮಡಚಿ, ತೋಳಿಗಷ್ಟು ಕಬ್ಬು ಬಾಚಿ ಚರಂಡಿಯಾಚೆ ಎಸೆಯತೊಡಗಿದರು. ಹೆಣಕ್ಕೆ ದಾರಿ ಬಿಡದ ಊರು ನಮ್ಮಲ್ಲಿ ಇಲ್ಲ.

ಮುದುಕಿ ಗುಂಪು ಸೀಳಿಕೊಂಡು ಬಂದಳು. ಯೆಮಿಮಾ ಎಂದು ಅವಳ ಹೆಸರು, ಊರಿಗೆಲ್ಲ ಯೆಮಿಮಾ ಜಾಜಾ, ಎಲ್ಲರಿಗೂ ಅಜ್ಜಿ. ಅಗಲ ನಡುಪಟ್ಟಿಯ ಗೋಮೆಸಿ ಉಡುಪಿನ ಅಂಚು ಮಣ್ಣಲ್ಲಿ ಎಳೆಯುತ್ತಿತ್ತು. ಕೈ ಎತ್ತಿ ನಾರುಬಟ್ಟೆಯನ್ನು ಸವರಿದಳು.

"ಯಾರ ಮಗು ಕಣಪ್ಪಾ?" ಎಂದಳು ಇಸಬಿರ್ಯೆಗೆ. "ನೀರು ಯಾರ ಮನೆ ಮಗೂನ ತಗೊಳ್ತು?"

ಇಸಬಿರ್ಯೆಗೆ ಆಗ ಎಲ್ಲವೂ ತಿಳಿಯಿತು. ದಾರಿಯುದ್ದಕ್ಕೂ ತಾನು ಯಾವ ಮರ್ಯಾದೆಗೆ ಕೈ ಬೀಸುತ್ತ ಬಂದೆ ಎಂಬುದು ನೆನಪಾಗಿ ಕಿವಿ ಬಿಸಿಯಾಯಿತು.

ಮುತಾಸ ಕಿಟಕಿಗೆ ಬಾಗಿ ಪಿಸುಗುಟ್ಟಿದ. "ಸುಮ್ನಿರು ಮಾರಾಯಾ. ಅರ್ಧ ಕಬ್ಬು ತೆಗೆದಾಯ್ತು. ಯಾವುದೋ ಒಂದು ಹೆಸರು ಹೇಳು."

ಯಾವ ಹೆಸರು ಹೇಳುವುದು? ಬಾಯಿಗೆ ಬರುವ ಹೆಸರಿಗೆಲ್ಲ ಎಲ್ಲೋ ಒಬ್ಬ ಬದುಕಿರುವ ಒಡೆಯ ಇದ್ದೇ ಇರುತ್ತಾನೆ. ಬದುಕಿರುವವರನ್ನು ಸತ್ತರು ಎನ್ನುವ ನಾಲಿಗೆ, ಮಗಳು ನೀರಿಗೆ ಇಳಿಯುವ ದಿನ. ಬಿಡ್ತು ಅನ್ನು ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಿದರೆ ಈ ಜನ ಕೈ ಒರೆಸಿಕೊಂಡು ಕೂರುತ್ತಾರೆ, ಕವುಧಳ ಹೆಸರು ಹೊಡೆದುಹಾಕುತ್ತಾರೆ, ಅದೂ ಅವನಿಗೆ ಗೊತ್ತು. ಮಗಳ ಮುಖ ನೋಡಿದ. ಬಾಗಿಲು ತೆರೆದು ಇಳಿದ.

"ಯಾರೂ ಸತ್ತಿಲ್ಲ ಜಾಜಾ," ಎಂದ, ಎಲ್ಲರಿಗೂ ಕೇಳುವಂತೆ. "ಇದು ಬಾಳೆಬೊಡ್ಡೆ. ದೋಣಿ ಅಲುಗಬಾರ್ದು ಅಂತ ಕಟ್ಟಿದ್ದು. ಗೋಣಿ ಹರಿದಿತ್ತು, ಯೋಚ್ನೆ ಮಾಡ್ದೆ ನಾರುಬಟ್ಟೆ ಸುತ್ತಿಬಿಟ್ಟೆ. ನನ್ನ ಮಗಳು ಇವತ್ತು ಇಟಾಂಡದಲ್ಲಿ ಹುಟ್ಟು ಹಾಕ್ತಾಳೆ. ತಪ್ಪು ನಂದು."

ಒಬ್ಬ ತೋಳಲ್ಲಿದ್ದ ಕಬ್ಬನ್ನು ಅಲ್ಲೇ ರಸ್ತೆಗೆ ಕೆಡವಿದ. "ಏನಂದೆ? ನಾನು ಬಾಳೆಬೊಡ್ಡೆಗೆ ಟೋಪಿ ತೆಗೆದ್ನಾ?"

"ಗೊನೆನೂ ಇಲ್ದಿರೋ ಬೊಡ್ಡೆಗೆ!" ಎಂದ ಇನ್ನೊಬ್ಬ. ಕೆಲವರು ನಕ್ಕರು, ಹೆಚ್ಚಿನವರು ನಗಲಿಲ್ಲ. ಒಬ್ಬ ಪಿಕಪ್‌ನ ಚಕ್ರಕ್ಕೆ ಒದ್ದ.

ಯೆಮಿಮಾ ಜಾಜಾ ಕೈಯನ್ನು ನಾರುಬಟ್ಟೆಯಿಂದ ತೆಗೆದಿರಲಿಲ್ಲ.

"ನನ್ನ ಮಗ ಬಾಗೋಲೆ ಮೀನಿಗೆ ಅಂತ ಹೋದೋನು ಬರ್ಲಿಲ್ಲ," ಎಂದಳು. "ಹೆಣಾನೂ ಸಿಗ್ಲಿಲ್ಲ. ಹಿತ್ತಲಲ್ಲಿ ಅವನ ಹೆಸರಲ್ಲಿ ಹೂತಿರೋದು ಇಂಥದ್ದೇ ಬೊಡ್ಡೆ. ಇಂಥದ್ದೇ ಬಟ್ಟೆ. ನಾನೇ ಸುತ್ತಿದ್ದು."

ಇಸಬಿರ್ಯೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಕವುಧ ಇಳಿದು ಬಂದಳು. ಮೈಮೇಲೆ ಕೆಂಪು ಲೈಫ್ ಜಾಕೆಟ್, ಕಾಲಲ್ಲಿ ನೀರಿನ ಚಪ್ಪಲಿ. ಮುದುಕಿಯ ಮುಂದೆ ಆ ಮಣ್ಣಲ್ಲೇ ಎರಡೂ ಮೊಣಕಾಲೂರಿದಳು, ಹಿರಿಯರ ಮುಂದೆ ಹೆಣ್ಣುಮಗಳು ಊರುವ ಹಾಗೆ. "ಕ್ಷಮಿಸು ಜಾಜಾ. ನಮ್ಮಪ್ಪ ಬೇಕಂತ ಮಾಡಿದ್ದಲ್ಲ."

ಮುದುಕಿ ಅವಳ ಜಾಕೆಟ್ಟಿನ ಪಟ್ಟಿ ಮುಟ್ಟಿ ನೋಡಿದಳು. "ನೀರಿಗಿಳಿಯೋಳು ನೀನೇನಾ?"

"ಹೂಂ ಜಾಜಾ."

"ಹೆದರ್ಕೆ ಆಗಲ್ವಾ?"

"ಆಗತ್ತೆ. ದೋಣಿ ಮಗುಚುತ್ತೆ, ಒಳಗೆ ಹೋಗ್ತೀನಿ. ಆಮೇಲೆ ಹುಟ್ಟು ಒತ್ತಿ ಎದ್ದುಬಿಡ್ತೀನಿ."

"ಹೋದೋರೆಲ್ಲಾ ಬರ್ತೀನಿ ಅಂತಲೇ ಹೋಗೋದು." ಮುದುಕಿ ಮೂಗು ಒರೆಸಿಕೊಂಡು ಇಸಬಿರ್ಯೆಯ ಕಡೆ ತಿರುಗಿದಳು. "ಇಳಿಸು ಅದನ್ನ. ಬದುಕಿರೋಳ ದೋಣಿ ಪಕ್ಕ ಅದು ಇರಬಾರ್ದು."

ಜೋಡಿ ತಪ್ಪಿಸಿ ದೋಣಿ ಸಾಗಿಸು ಎಂದು ಬೇರೆ ಯಾರಾದರೂ ಹೇಳಿದ್ದರೆ ಇಸಬಿರ್ಯೆ ಅವರ ಏಳು ತಲೆಮಾರಿಗೂ ಬುದ್ಧಿ ಹೇಳುತ್ತಿದ್ದ. ಈಗ ತುಟಿ ಬಿಚ್ಚದೆ ಗಂಟು ಬಿಚ್ಚಿದ. ಬಟ್ಟೆ ಮಡಚಿದ, ಬೊಡ್ಡೆಯನ್ನು ಹೊಲದ ಬದುವಿಗೆ ಹಾಕಿದ. ಅಲ್ಲೇ ಇದ್ದ ಆಡುಗಳು ಬಂದು ಬಾಯಿ ಹಾಕಿದವು.

ಯೆಮಿಮಾ ಜಾಜಾ ಗಂಡಸರ ಕಡೆ ತಿರುಗಿ ನಡುವಿಗೆ ಕೈ ಇಟ್ಟಳು. "ಏನ್ರೋ ನಿಂತಿದ್ದೀರಾ? ಸತ್ತೋರಿಗೆ ಅಂದ್ರೆ ಮೈಯೆಲ್ಲಾ ಕೈ. ಬದುಕಿರೋ ಹುಡುಗಿಗೆ ಅಂದ್ರೆ ಕೈಗೆ ಲಕ್ವಾನಾ?"

ಚಕ್ರಕ್ಕೆ ಒದ್ದವನೇ ಮೊದಲು ಬಾಗಿದ. ಟ್ರ್ಯಾಕ್ಟರಿನವನೂ ಎದ್ದು ಬಂದ. ಒಂದು ಪಿಕಪ್‌ನಷ್ಟು ದಾರಿ ಬಿಟ್ಟಾಗ ಮುದುಕಿ ಬಾಗಿಲು ತೆಗೆದು ಒಳಗೆ ಕೂತುಬಿಟ್ಟಳು. "ನಾನೂ ಬರ್ತೀನಿ. ಅದೆಂಗೆ ಏಳ್ತಾಳೋ ನನ್ನ ಕಣ್ಣಾರೆ ನೋಡ್ಬೇಕು."

ಕವುಧ ಹಿಂದೆ ಹತ್ತಿದಳು. ಮೂರನೆಯ ದೋಣಿ ಅಲುಗದಂತೆ ಮೂವರೂ ಅದನ್ನು ಕೈಯಲ್ಲೇ ಹಿಡಿದು ನಿಂತರು. ಒಳಗೆ ಮುದುಕಿ ಪ್ರತಿ ಗುಂಡಿಗೂ ಇಸಬಿರ್ಯೆಗೆ ಬೈದಳು. ಅವನು ಹೂಂ ಜಾಜಾ, ಹೂಂ ಜಾಜಾ ಎನ್ನುತ್ತ ಹಿಂದೆಂದೂ ಓಡಿಸದ ವೇಗದಲ್ಲಿ ಓಡಿಸಿದ.

ಇಟಾಂಡಕ್ಕೆ ಮುಟ್ಟಿದಾಗ ಹೆಸರು ಕೂಗುತ್ತಿದ್ದರು. ಕವುಧ ಹಳದಿ ದೋಣಿಯನ್ನು ಹೆಗಲಿಗೇರಿಸಿ ಬಂಡೆಗಳ ಮೇಲೆ ಓಡಿದಳು. ಅವಳ ಹೆಸರು ಬಂದಾಗ, "ಇದ್ದೀನಿ!" ಎಂಬ ಕೂಗು ನೀರಿನ ಸದ್ದನ್ನೂ ದಾಟಿ ಮೇಲಿನ ದಡಕ್ಕೆ ಕೇಳಿಸಿತು.

ಮೊದಲೇ ಹೇಳಿಬಿಡುತ್ತೇನೆ, ಅವಳು ಗೆಲ್ಲಲಿಲ್ಲ. ಮೂರನೆಯವಳಾದಳು. ಮೊದಲಿಬ್ಬರಿಗೆ ಒಳ್ಳೆಯ ಅಲೆ ಸಿಕ್ಕಿತ್ತು ಎಂದು ಇಸಬಿರ್ಯೆ ಇಂದಿಗೂ ವಾದಿಸುತ್ತಾನೆ, ಆ ವಾದದಲ್ಲಿ ಅವನನ್ನು ಗೆದ್ದವರಿಲ್ಲ. ಆದರೆ ಆ ಹೊತ್ತಿನಲ್ಲಿ ಮೇಲಿನ ದಡದ ಬಂಡೆಯ ಮೇಲೆ ನಿಂತ ಇಬ್ಬರಿಗೆ ಲೆಕ್ಕಕ್ಕಿದ್ದದ್ದು ಬೇರೆ.

ನಡು ಹೊಳೆಯಲ್ಲಿ ಮನೆಯೆತ್ತರದ ಬಿಳಿ ಅಲೆ ಇದೆ. ಕವುಧ ಅದರ ಮೇಲೆ ಒಂದು ಸುತ್ತು ತಿರುಗಿದಳು, ಎರಡನೆಯದಕ್ಕೆ ದೋಣಿ ಮಗುಚಿತು. ನೀರಿನ ಮೇಲೆ ಹಳದಿ ತಳ ಮಾತ್ರ ಉಳಿಯಿತು. ಹುಡುಗಿ ಇಲ್ಲ. ಯೆಮಿಮಾ ಜಾಜಾ ಇಸಬಿರ್ಯೆಯ ಮುಂಗೈ ಹಿಡಿದಳು, ಉಗುರು ಇಳಿಯುವ ಹಾಗೆ. ಮಗಳು ಹೀಗೆ ಮಗುಚಿ ಏಳುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಆದರೂ ಇಂದು ಮುದುಕಿಯ ಕಣ್ಣಿಂದ ನೋಡುತ್ತಿದ್ದುದರಿಂದ ಒಂದು, ಎರಡು ಎಂದು ಎಣಿಸತೊಡಗಿದ.

ಮೊದಲು ಹುಟ್ಟಿನ ತುದಿ ಬಂತು. ಆಮೇಲೆ ಒಂದು ಮೊಣಕೈ. ಆಮೇಲೆ ಸೊಂಟ ತಿರುಚಿ ಇಡೀ ಹುಡುಗಿ, ಬಾಯಿಂದ ನೀರು ಉಗುಳುತ್ತ, ನೆಟ್ಟಗೆ.

ದಡದ ಜನವೆಲ್ಲ ಚಪ್ಪಾಳೆ ಹೊಡೆದರು. ಮುದುಕಿ ನಾಲಿಗೆ ಆಡಿಸಿ ಮದುವೆಮನೆಯ ಉಲುಲು ಕೂಗು ಹಾಕಿದಳು. ಎಷ್ಟು ಜೋರಾಗಿ ಎಂದರೆ ಪಕ್ಕದಲ್ಲಿದ್ದ ಬಿಳಿಯರು ಬೆಚ್ಚಿ ತಿರುಗಿ ನೋಡಿದರು.

"ಎದ್ದಳು ಕಣೋ!" ಎಂದು ಇಸಬಿರ್ಯೆಯ ಬೆನ್ನಿಗೆ ಗುದ್ದಿದಳು. "ನಿನ್ನ ಮಗಳು ಎದ್ದಳು!"

ಇಸಬಿರ್ಯೆ ಎರಡೂ ಕೈ ಎತ್ತಿ ಹೊಳೆಯ ಕಡೆ ಬೀಸಿದ.

ಮುದುಕಿ ಗೋಮೆಸಿಯ ತುದಿಯಿಂದ ಕಣ್ಣು ಒರೆಸಿಕೊಂಡಳು.

"ಕಲಿಸ್ಬಹುದು ಅಂತ ಗೊತ್ತಿರ್ಲಿಲ್ಲ ನಮಗೆ," ಎಂದಳು ಮೆತ್ತಗೆ. "ಏಳೋದನ್ನ." ಆಮೇಲೆ ದನಿ ಏರಿಸಿ ಗದರಿದಳು. "ಬಾ, ಕೆಳಗೆ ಹೋಗೋಣ. ಅವಳು ದಡಕ್ಕೆ ಬರೋವಾಗ ನಮ್ಮೋರು ಅಂತ ಯಾರಾದ್ರೂ ಅಲ್ಲಿ ನಿಂತಿರ್ಬೇಕು."

ಇಸಬಿರ್ಯೆ ಕೈ ಚಾಚಿದ. ಅವಳು ಅದನ್ನು ಹಿಡಿಯದೆ, ಗೋಮೆಸಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಅವನಿಗಿಂತ ಮುಂದೆ ನೀರಿನ ಕಡೆಗೆ ಇಳಿದಳು.