ಕಿರ್ ಎನ್ನದ ಬಾಗಿಲು

ನಮ್ಮ ಸೋದರಮಾವ ಮೂವತ್ತೊಂದು ವರ್ಷದಿಂದ ಬಾಗಿಲು ಮಾಡುತ್ತಿದ್ದಾರೆ. ಅವುಗಳಲ್ಲಿ ಒಂದೂ ಇದುವರೆಗೆ ಬಾಯಿಬಿಟ್ಟಿಲ್ಲ. ತೆರೆಯುತ್ತವೆ, ಮುಚ್ಚುತ್ತವೆ, ಕಿರ್ ಎನ್ನುವುದಿಲ್ಲ. ಅದಕ್ಕೇ ಅವರಿಗೆ ಮೌನಿ ಮೇಸ್ತ್ರಿ ಎಂಬ ಹೆಸರು. ಮೌನವೆಲ್ಲ ಬಾಗಿಲುಗಳದ್ದು, ಮೇಸ್ತ್ರಿಯ ಬಾಯಿಗೆ ಚಿಲಕ ಹಾಕುವ ಬಡಗಿ ಇನ್ನೂ ಹುಟ್ಟಿಲ್ಲ.

ತಮ್ಮ ಮದುವೆಯ ಮಾತುಕತೆಗೆ ಹೋಗಿದ್ದಾಗ ಹುಡುಗಿಯ ತಂದೆ ಕೂತಿದ್ದ ಕುರ್ಚಿ ಕುಂಯ್ ಎಂದಿತಂತೆ. ಮಾವ, 'ಒಂಚೂರು ಏಳ್ತೀರಾ' ಎಂದವರೇ ಅದನ್ನು ಮಗುಚಿ ಹಾಕಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಕಾಲು ಬಿಗಿ ಮಾಡಲು ಕೂತರು. ಆ ಹಿರಿಯರು ಮರೆತು ಕೂರಲು ಹೋಗಿ ನೆಲ ಕಂಡರು. 'ಅವತ್ತು ಸದ್ದು ಮಾಡಿದ್ದು ನಮ್ಮಪ್ಪನ ಸೊಂಟ ಒಂದೇ' ಎಂದು ಆ ಹುಡುಗಿ, ಮಾವನ ಹೆಂಡತಿಯಾಗಿ ಇಷ್ಟು ವರ್ಷವಾದರೂ, ಬಂದವರಿಗೆಲ್ಲ ಹೇಳುತ್ತಾರೆ.

ಮರಗೆಲಸದವರ ಸಂಘ ತಿಂಗಳಿಗೊಮ್ಮೆ ಎಂಟು ಪುಟದ ಪತ್ರಿಕೆ ತರುತ್ತದೆ. ಹೊಸ ಗರಗಸ ಬಂದದ್ದು, ಪ್ಲೈವುಡ್ ದರ ಏರಿದ್ದು, ಯಾರೋ ಒಬ್ಬರು ಕೂದಲೆಳೆಯಲ್ಲಿ ಬೆರಳು ಉಳಿಸಿಕೊಂಡದ್ದು, ಇಂಥ ಸುದ್ದಿಗಳು. ಅದರಲ್ಲಿ ಮಾವ ಬರೆದ 'ಸದ್ದಡಗಿಸುವ ಹತ್ತು ಸೂತ್ರಗಳು' ಭಾರಿ ಹೆಸರು ಮಾಡಿತು. ಬಾಗಿಲಿನ ಕೀಲು, ಅಂದರೆ ಹಿಂಜು, ಮೂರೂ ತೂಗುಗುಂಡಿನ ಒಂದೇ ದಾರಕ್ಕೆ ಬರಬೇಕು. ಹಿಂಜಿನ ತಗಡು ತನ್ನ ದಪ್ಪದಷ್ಟೇ ಮರದೊಳಗೆ ಇಳಿಯಬೇಕು. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವವನು ಬಡಗಿಯಲ್ಲ, ಬಡಿಗೆ. ಹಿಂಜಿನ ಕಡ್ಡಿಗೆ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ, ಮೇಣ ಸವರಿ. ಕೊನೆಯಲ್ಲಿ: 'ಹಿಂಜ್ ಹಾಕಲು ಹಿಂಜರಿಯಬೇಡಿ. ಡೋರ್ ಹೋದ ಮನೆಯಿಂದ ದೂರು ಬರಬಾರದು.'

ದೂರು ಬಂತು. ಅದೂ ಸ್ವಂತ ಅಕ್ಕನಿಂದ, ಅಂದರೆ ನಮ್ಮ ಅಮ್ಮನಿಂದ.

ಎರಡು ವರ್ಷದಿಂದ ಅಮ್ಮನ ಕಣ್ಣಿಗೆ ಮನುಷ್ಯರೆಲ್ಲ ಒದ್ದೆ ಕಾಗದದ ಮೇಲಿನ ಶಾಯಿ. ಯಾರೋ ಇದ್ದಾರೆ ಎಂದು ಗೊತ್ತಾಗುತ್ತದೆ, ಯಾರು ಎಂದು ಗೊತ್ತಾಗುವುದಿಲ್ಲ. ಆದರೂ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಹೆಸರು ಹಿಡಿದೇ ಕರೆಯುತ್ತಿದ್ದರು. ಹೇಳಿಕೊಡುತ್ತಿದ್ದದ್ದು ಹಳೆಯ ಬಾಗಿಲು. ಅಣ್ಣ ತಳ್ಳಿದರೆ ಉದ್ದಕ್ಕೆ ಒಂದೇ ಕಿರ್. ಅತ್ತಿಗೆ ಎರಡೂ ಕೈಯಲ್ಲಿ ಚೀಲ ಹಿಡಿದು ಭುಜದಿಂದ ನೂಕಿದರೆ ಒಂದು ಕಿರ್, ನಿಲುಗಡೆ, ಮತ್ತೊಂದು ಕಿರ್. ಪಕ್ಕದ ಮನೆಯಾಕೆ ಇಣುಕಲು ಬೇಕಾದಷ್ಟೇ ತೆರೆಯುವುದರಿಂದ ಬರೀ 'ಕಿ'. 'ರ್' ಬರುವಷ್ಟು ಆಕೆ ಎಂದೂ ತೆರೆದವರಲ್ಲ.

ಅಮ್ಮನಿಗೆ ಎಪ್ಪತ್ತು ತುಂಬಿದ ದಿನ ಮಾವ ಹೊಸ ಬಾಗಿಲನ್ನು ಉಡುಗೊರೆ ಕೊಟ್ಟರು. ಹಳೆಯದನ್ನು ಅಂದೇ ಕೊಯ್ದು ಕಾರ್ಖಾನೆಗೆ ನಾಲ್ಕು ಸ್ಟೂಲು ಮಾಡಿಕೊಂಡರು. ಹೊಸದು ಅಪ್ಪಟ ತೇಗ. ತೇಗವೆಂದ ಮೇಲೆ ಊಟದ ಹೊತ್ತಿಗಾದರೂ ಒಂದು ತೇಗು ಬರಬಾರದೆ? ಇಲ್ಲ.

ಮೊದಲ ವಾರದಲ್ಲೇ ಅಮ್ಮ ಅಣ್ಣನೆಂದು ತಿಳಿದು ಅತ್ತಿಗೆಯ ಮೇಲಿನ ಚಾಡಿಯನ್ನೆಲ್ಲ ಅತ್ತಿಗೆಗೇ ಹೇಳಿದರು. ಅತ್ತಿಗೆ ಪೂರ್ತಿ ಕೇಳಿ, "ಇನ್ನೂ ಇದೆಯಾ, ಇಷ್ಟೇನಾ?" ಎಂದರು. ಕರೆಂಟಿನ ಮೀಟರ್ ಓದಲು ಬಂದವನು ಅಮ್ಮನ ಮಂಡಿನೋವಿನ ಚರಿತ್ರೆ ಕೇಳಿ, ರೀಡಿಂಗ್ ಮರೆತು ಹೋದ.

ನಾವು ನಕ್ಕಿದ್ದು ಅಷ್ಟೇ. ಆಮೇಲೆ ಅಮ್ಮ ಖಾಲಿ ಕೋಣೆಯನ್ನು "ಯಾರದು?" ಎಂದು ಕೇಳತೊಡಗಿದರು, ದಿನಕ್ಕೆ ಮೂವತ್ತು ಸಲ. ಮಧ್ಯಾಹ್ನದ ನಿದ್ದೆ ಬಿಟ್ಟರು. ಹಗಲಲ್ಲೂ ಚಿಲಕ ಹಾಕಿಕೊಂಡು ಕೂರತೊಡಗಿದರು. ಅಣ್ಣ ಬಾಗಿಲಿಗೊಂದು ಗಂಟೆ ಕಟ್ಟಿದ. "ಯಾರೋ ಬಂದ್ರು ಅನ್ನುತ್ತೆ. ಯಾರು ಅಂತ ಹೇಳಲ್ಲ" ಎಂದು ಅಮ್ಮ ಅದನ್ನು ಬಿಚ್ಚಿಸಿ, ತಮ್ಮನನ್ನು ಕರೆಸಿದರು.

"ನನ್ನ ಕಿರ್ ವಾಪಸ್ ಕೊಡೋ."

"ಅಕ್ಕಾ, ಬೇರೆ ಏನಾದ್ರೂ ಕೇಳು. ನಾನು ಹಾಕಿದ ಬಾಗಿಲು ಕಿರ್ ಅಂದ್ರೆ ಸಂಘದಲ್ಲಿ ತಲೆ ಎತ್ತೋದು ಹೇಗೆ?"

"ನೀನು ತಲೆ ಎತ್ತಿದ್ರೂ ನಂಗೆ ಕಾಣಲ್ಲ, ಇಳಿಸಿದ್ರೂ ಕಾಣಲ್ಲ. ಕಿವಿಗೆ ಏನಾದ್ರೂ ಮಾಡು."

ಮಾವ ತಮ್ಮದೇ ಹತ್ತು ಸೂತ್ರಗಳನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಕೆಲಸಕ್ಕಿಳಿದರು. ಮೇಣ ಕೆರೆದರು, ಸ್ಕ್ರೂ ಸಡಿಲಿಸಿದರು, ಕಡ್ಡಿಗೆ ಮರಳು ಹಾಕಿದರು. ಬಾಗಿಲು ಬೆಕ್ಕಿನಂತೆ ನಡೆಯಿತು. ನಡುವಿನ ಹಿಂಜನ್ನು ಸೊಟ್ಟ ಕೂರಿಸಲು ಹೋದರೆ ಕೈ ತನ್ನಷ್ಟಕ್ಕೆ ನೆಟ್ಟಗೆ ಕೂರಿಸುತ್ತಿತ್ತು. ಎಡಗೈಯಲ್ಲಿ ಮಾಡಿದರು, ಎಡಗೈಯೂ ಕಲಿತುಬಿಟ್ಟಿತ್ತು. ನಾಲ್ಕನೆಯ ದಿನ ಹೇಗೋ ಒಂದು ಸದ್ದು ಹೊರಟಿತು. ಆದರೆ ಯಾರು ತಳ್ಳಿದರೂ ಅದೇ ಸದ್ದು, ಅಷ್ಟೇ ಉದ್ದ.

"ಎಲ್ಲರಿಗೂ ಒಂದೇ ಕಿರ್ ಆದ್ರೆ ನಾನೇನು ಮಾಡ್ಲಿ? ಕಿರಿಕಿರಿ ಕೇಳಿದ್ನಾ ನಿನ್ನ?" ಎಂದರು ಅಮ್ಮ.

ಉಳಿದದ್ದು ಒಂದೇ ದಾರಿ. ಎರಡು ಬೀದಿ ಆಚೆ ಇನ್ನೊಬ್ಬ ಬಡಗಿ ಇದ್ದಾನೆ. ಯಾವ ಗಿರಾಕಿ ಫೋನ್ ಮಾಡಿದರೂ "ಈಗ್ಬಂದೆ" ಎನ್ನುವುದರಿಂದ ಅವನ ಹೆಸರೇ ಈಗ್ಬಂದೆ. ಆರು ಕಡೆ ಕೆಲಸ ಒಪ್ಪಿಕೊಂಡು ಏಳನೆಯ ಕಡೆ ಇರುತ್ತಾನೆ. ಅವನು ಕೂರಿಸಿದ ಬಾಗಿಲು ತೆರೆದರೆ ಬೀದಿಯ ಕೊನೆಯ ಮನೆಯವರು ತಮ್ಮ ಬಾಗಿಲಿಗೆ ಬರುತ್ತಾರೆ. ಕೇಳಿದರೆ, "ಹೊಸ ಮರ ಸ್ವಾಮಿ, ಹೊಂದ್ಕೊಳ್ಳುತ್ತೆ" ಎನ್ನುತ್ತಾನೆ. ಮರ ಹೊಂದಿಕೊಳ್ಳುವುದಿಲ್ಲ, ಮನೆಯವರು ಹೊಂದಿಕೊಳ್ಳುತ್ತಾರೆ.

ಮಾವ ಅವನ ಮುಂದೆ ಹೋಗಿ ನಿಂತರು. "ನಮ್ಮಕ್ಕನ ಮನೆ ಬಾಗಿಲು ನೀನು ಕೂರಿಸಿಕೊಡಬೇಕು."

"ನಾನಾ? ನೀವಿರೋವಾಗ?"

"ನಂಗೆ ಆಗ್ತಾ ಇಲ್ಲ ಮಾರಾಯ."

ಈಗ್ಬಂದೆಯ ಕೈಯಿಂದ ಉಳಿ ಬಿತ್ತು, ಕಾಲು ಉಳಿಯಿತು. ಕಿರ್ ಬೇಕಾಗಿರುವ ವಿಷಯ ಹೇಳಲು ಮಾವನಿಗೆ ನಾಲಿಗೆ ಹೊರಳಲಿಲ್ಲ. ತಪ್ಪಾದದ್ದು ಅಲ್ಲೇ.

ಮರುದಿನ ಈಗ್ಬಂದೆ ಒಂಬತ್ತಕ್ಕೆ ಮೊದಲೇ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಫೋನನ್ನು ಮನೆಯಲ್ಲೇ ಬಿಟ್ಟಿದ್ದ. ತೂಗುಗುಂಡು ಇಳಿಬಿಟ್ಟ, ಉಸಿರು ಹಿಡಿದು ತೂತು ಕೊರೆದ, ಮೇಣ ಸವರಿದ. ಮೂರು ಗಂಟೆಯ ನಂತರ ಬಾಗಿಲು ತಳ್ಳಿ ತೋರಿಸಿದ. ಮಾವನ ಬಾಗಿಲಾದರೂ ಮುಚ್ಚುವಾಗ ಸಣ್ಣದೊಂದು ಉಸಿರು ಬಿಡುತ್ತಿತ್ತು. ಇದಕ್ಕೆ ಅದೂ ಇಲ್ಲ.

"ಮೇಸ್ತ್ರೀ, ನಂಗೂ ಬರುತ್ತೆ!" ಅವನ ಕಣ್ಣಲ್ಲಿ ನೀರು. "ನಿಮ್ಮ ಹತ್ತು ಸೂತ್ರ ಗೋಡೆಗೆ ಅಂಟಿಸಿಕೊಂಡಿದ್ದೀನಿ. ಟೈಮೇ ಸಿಕ್ಕಿರಲಿಲ್ಲ ನೋಡಿ."

ಮಾವ ಅವನ ಬೆನ್ನು ತಟ್ಟಿದರು. ಅಮ್ಮ ಒಳಗಿನಿಂದ, "ಯಾರದು? ಬಂದ್ರಾ ಯಾರಾದ್ರೂ?" ಎಂದರು.

ಆ ದನಿ ಕೇಳಿದ ಮೇಲೆ ಮಾವನ ಮಾನದ ಚಿಲಕ ಕಳಚಿತು. ಈಗ್ಬಂದೆಯನ್ನು ಹೊರಗೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಅಂದ್ರೆ ಕೆಟ್ಟದಾಗಿ ಮಾಡು ಅಂತೀರಾ?"

"ಕೆಟ್ಟದಾಗಿ ಅಲ್ಲ. ನಿನ್ನ ಥರ."

ಈಗ್ಬಂದೆ ಮುಖ ಸಣ್ಣದು ಮಾಡಿಕೊಂಡ. "ಬೇಕು ಅಂತ ಮಾಡಕ್ಕೆ ಬರಲ್ಲ ಮೇಸ್ತ್ರಿ. ಅದು ತಾನಾಗೇ ಬರಬೇಕು."

"ಹಾಗಾದ್ರೆ ನಾಳೆ ಫೋನ್ ತಗೊಂಡು ಬಾ. ಕೆಲಸ ಎಲ್ಲೆಲ್ಲಿ ಬಾಕಿ ಇದೆ?"

"ಆರು ಕಡೆ."

"ಆರೂ ಮನೆಗೆ ನಾಳೆ ಹತ್ತು ಗಂಟೆಗೇ ಬರ್ತೀನಿ ಅಂತ ಹೇಳಿಬಿಡು."

ಮರುದಿನ ಅವನು ಬಂದದ್ದೇ ಹತ್ತೂಮುಕ್ಕಾಲಿಗೆ. ಬಾಗಿಲು ಬಿಚ್ಚುವಷ್ಟರಲ್ಲಿ ಫೋನ್ ಬಡಿದುಕೊಂಡಿತು. "ಈಗ್ಬಂದೆ!" ಫೋನ್ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತು. ತೂಗುಗುಂಡು ಚೀಲದಿಂದ ಹೊರಗೇ ಬರಲಿಲ್ಲ. "ದಾರೀಲಿದ್ದೀನಿ ಅಮ್ಮಾ!" ಹದಿನೆಂಟು ಸ್ಕ್ರೂ ಬೇಕಾದಲ್ಲಿ ಏಳು ಹಾಕಿದ. "ನಿಮ್ಮ ಗೇಟ್ ಹತ್ರಾನೇ ಇದ್ದೀನಿ ಸಾರ್!" ಮೇಲಿನ ಹಿಂಜು ಪೂರ್ವಕ್ಕೆ ನೋಡಿತು, ಕೆಳಗಿನದು ಪಶ್ಚಿಮಕ್ಕೆ. ಕೊನೆಗೆ ಸುತ್ತಿಗೆ ಎತ್ತಿ ಸ್ಕ್ರೂಗಳನ್ನು ಮೊಳೆಯಂತೆ ಬಡಿದ. ಮೊದಲ ಏಟಿಗೇ ಮಾವ ಬೀದಿಗೆ ಹೋಗಿ, ಆಪರೇಷನ್ ಕೋಣೆಯ ಹೊರಗಿನ ನೆಂಟರ ಹಾಗೆ ಶತಪಥ ತಿರುಗತೊಡಗಿದರು. ಹದಿನೈದು ನಿಮಿಷದಲ್ಲಿ ಈಗ್ಬಂದೆ "ಹೊಂದ್ಕೊಳ್ಳುತ್ತೆ" ಎಂದು ಹೇಳಿ ಓಡಿಯೂಬಿಟ್ಟ.

ಅಣ್ಣ ಬಾಗಿಲು ತಳ್ಳಿದ. ಕಿರ್ ಎಂದರೆ ಎಂಥ ಕಿರ್! ಪಕ್ಕದ ಮನೆಯ ನಾಯಿ ಎದ್ದು ನಿಂತಿತು.

"ದೊಡ್ಡವನು," ಎಂದರು ಅಮ್ಮ.

ಅತ್ತಿಗೆ ಚೀಲ ಹಿಡಿದು ಬಂದರು, ಒಂದು ಕಿರ್, ನಿಲುಗಡೆ, ಮತ್ತೊಂದು ಕಿರ್. "ಬಾರಮ್ಮ. ಅವತ್ತು ಹೇಳಿದ್ದೆಲ್ಲ ಮರೆತುಬಿಡು." ಪಕ್ಕದ ಮನೆಯಾಕೆ ಗಲಾಟೆ ಏನೆಂದು ನೋಡಲು ಬಂದು, ಇಣುಕಿದಲ್ಲೇ ಅಮ್ಮ ಹೆಸರು ಕೂಗಿದ್ದಕ್ಕೆ ಸಿಕ್ಕಿಬಿದ್ದರು. ಅಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ನೀಡಿದರು. ಆ ಭಂಗಿಯಲ್ಲಿ ಅವರನ್ನು ನೋಡಿ ತಿಂಗಳಾಗಿತ್ತು.

ಕೊನೆಗೆ ಮಾವ ಬಂದರು. ಬಡಗಿಯ ಕೈ ಅಲ್ಲವೆ, ತಳ್ಳುವ ಮೊದಲು ಹಿಡಿಕೆಯನ್ನು ಅಕ್ಕಿಕಾಳಿನಷ್ಟು ಮೇಲಕ್ಕೆತ್ತಿತು. ಭಾರ ಹಿಂಜಿನ ಮೇಲಿಂದ ಕೈಗೆ ಬಂತು. ಬಾಗಿಲು ತುಟಿ ಪಿಟಕ್ಕೆನ್ನದೆ ತೆರೆದುಕೊಂಡಿತು.

"ಬಾ ತಮ್ಮಾ, ಕೂತ್ಕೋ. ಬಾಗಿಲು ಸುಮ್ನಿದ್ದು ಹೆಜ್ಜೆ ಮಾತ್ರ ಕೇಳಿದ್ರೆ ನೀನೇ," ಎಂದರು ಅಮ್ಮ ತಿರುಗಿಯೂ ನೋಡದೆ.

ಮಾವನಿಗೆ ಅವಮಾನವಾಯಿತು. ಹೊರಗೆ ಹೋಗಿ, ಎಲ್ಲರಂತೆ ತಳ್ಳುತ್ತೇನೆಂದು ಜೋರಾಗಿ ನೂಕಿ ಬಂದರು. ಕೈ ಮಾತ್ರ ಆಗಲೇ ಹಿಡಿಕೆ ಎತ್ತಿಬಿಟ್ಟಿತ್ತು. ಸದ್ದಿಲ್ಲ. ಮತ್ತೆ ಹೋಗಿ ಭುಜ ಕೊಟ್ಟು ಬಂದರು. ಸದ್ದಿಲ್ಲ. ಐದನೆಯ ಸಲ ಬೆನ್ನು ಕೊಟ್ಟು ನೂಕಿ ಬರುತ್ತಿದ್ದಾಗ ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಒಳಗಾದ್ರೂ ಇರು, ಹೊರಗಾದ್ರೂ ಇರೋ. ನಂಗೆ ನಿದ್ದೆ ಬರ್ತಿದೆ."