ಲೆಕ್ಕ ತಪ್ಪದವನು

ಅವನದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಮುಖವನ್ನೇ ಕಾಣದ ಜನರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಒಸಡು ಹುಣ್ಣಾಗುತ್ತದೆ. ಹಾಗಾಗಿ ಅಳತೆ, ಲೆಕ್ಕ ಎಂದರೆ ಅವನಿಗೆ ದೇವರ ಸಮಾನ. ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದದ್ದು ಅಮ್ಮ ಒಬ್ಬಳೇ.

ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಇಬ್ಬರೂ ಇಪ್ಪತ್ತಾರು ವರ್ಷ ಇದ್ದರು. ಕೊನೆಯ ಆರು ವರ್ಷಗಳಲ್ಲಿ ಅಮ್ಮನ ಕಣ್ಣು ಮಂಜಾಗುತ್ತ ಹೋಗಿ ಪೂರ್ತಿ ಕತ್ತಲಾಯಿತು. ಬಂದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಒಲೆ ಹಚ್ಚುವಳು, ಉಕ್ಕುವ ಮೊದಲೇ ಸದ್ದು ಕೇಳಿ ಹಾಲಿಳಿಸುವಳು. ಆ ಮನೆಯ ಗೋಡೆಗಳ ಉಬ್ಬುತಗ್ಗೆಲ್ಲ ಅವಳ ಬೆರಳಿಗೆ ಬಾಯಿಪಾಠ.

ಒಂದು ದಿನ ಮಾಲೀಕ ಬಂದು, "ಮನೆ ಮಾರ್ತಾ ಇದ್ದೀನಪ್ಪ. ಮೊದಲು ನಿಮ್ಮನ್ನೇ ಕೇಳೋಣ ಅಂತ ಬಂದೆ" ಎಂದ.

ಕೂಡಿಟ್ಟದ್ದು ಮುಂಗಡಕ್ಕೆ ಸಾಕಾಗುತ್ತಿತ್ತು, ಉಳಿದದ್ದಕ್ಕೆ ಬ್ಯಾಂಕ್ ಸಾಲ. ಅವನು ಒಂದು ವಾರ ಹಾಳೆ ತುಂಬ ಗೀಚಿದ. ಸಾಲದ ಕಂತು ಬಾಡಿಗೆಯ ಎರಡೂವರೆ ಪಟ್ಟು! ಅದರ ಬದಲು ದುಡ್ಡನ್ನು ಷೇರುಪೇಟೆಯ ಇಂಡೆಕ್ಸ್ ಫಂಡಿಗೆ ಹಾಕಿದರೆ ದೊಡ್ಡ ಕಂಪನಿಗಳೆಲ್ಲದರಲ್ಲೂ ಚೂರುಚೂರು ಪಾಲು. ಒಂದು ಮುಳುಗಿದರೆ ಇನ್ನೊಂದು ಕೈಹಿಡಿಯುತ್ತದೆ.

ಮದುವೆಯಾಗಿ ಬೇರೆ ಊರಿನಲ್ಲಿದ್ದ ಅಕ್ಕ ಸಿಡುಕಿದಳು. "ಕಂಪನಿ ಪಾಲಿನೊಳಗೆ ಅಮ್ಮ ಕಾಲು ಚಾಚಿ ಮಲಗೋಕಾಗುತ್ತೇನೋ?"

"ಬಾಡಿಗೆ ಮನೆಗಳಿಗೇನು ಬರ ಬಂದಿದ್ಯಾ ಅಕ್ಕ?"

"ಅವಳನ್ನ ಕೇಳಿದ್ಯಾ?"

ಕೇಳಿದ. ಅಮ್ಮ ಪಕ್ಕದ ಗೋಡೆಯ ಮೇಲೆ ಕೈಯಾಡಿಸುತ್ತ, "ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಪ್ಪ. ನಂದೇನು, ಇವತ್ತೋ ನಾಳೆಯೋ" ಎಂದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಹೊಸ ಬಾಡಿಗೆ ಮನೆ ದೊಡ್ಡದು, ಒಳ್ಳೆಯ ಬೆಳಕು. ಬೆಳಕು ಕಟ್ಟಿಕೊಂಡು ಅಮ್ಮನಿಗೇನಾಗಬೇಕು? ತಿಂಗಳುಗಟ್ಟಲೆ ಗೋಡೆ ಸವರುತ್ತ ದಾರಿ ಕಲಿತಳು. ಹಣೆ, ಮಂಡಿ ನೀಲಿಗಟ್ಟಿದವು. ಕಲಿತಳು ಅನ್ನುವಷ್ಟರಲ್ಲಿ ಮಾಲೀಕನ ಮಗಳ ಸಂಸಾರಕ್ಕೆ ಆ ಮನೆ ಬೇಕಾಯಿತು. ಮುಂದಿನ ಮನೆಯಲ್ಲಿ ಅಡುಗೆಮನೆಗೆ ಇಳಿಯಲು ಒಂದು ಮೆಟ್ಟಿಲಿತ್ತು. ಎರಡನೇ ವಾರವೇ ಮುಗ್ಗರಿಸಿ ಬಿದ್ದಳು. ಸೊಂಟದ ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ.

ಆ ಮನೆಯನ್ನೂ ಬಿಟ್ಟು ಮೂರನೆಯದಕ್ಕೆ ಬಂದಾಗ ಅವಳು ಗೋಡೆ ಮುಟ್ಟಲೇ ಇಲ್ಲ. "ನನ್ನ ಎಲ್ಲಾದ್ರೂ ಒಂದ್ಕಡೆ ಕೂರಿಸಿಬಿಡು. ಇದನ್ನೂ ಕಲಿಯೋಕೆ ನನ್ನ ಕೈಲಾಗಲ್ಲ" ಎಂದಳು. ಅಂದಿನಿಂದ ಕುರ್ಚಿಯೇ ಗತಿ. ಅವನು ಕೆಲಸಕ್ಕೆ ಹೋಗಿ ಬರುವುದರೊಳಗೆ ಏಳಬೇಕಾಗಿ ಬಂದರೆ ಕಷ್ಟವೆಂದು ಹಗಲಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಅವಳನ್ನು ನೋಡಿಕೊಳ್ಳಲು ಅವನು ಹೆಂಗಸೊಬ್ಬಳನ್ನು ಗೊತ್ತುಮಾಡಿದರೆ, "ಗುರುತಿಲ್ಲದವರ ಕೈ ನನಗೆ ಬೇಡ" ಎಂದು ಎರಡೇ ದಿನಕ್ಕೆ ಕಳಿಸಿಬಿಟ್ಟಳು.

ಅತ್ತ ಫಂಡು ಒಂದು ವರ್ಷ ಪಾತಾಳಕ್ಕಿಳಿಯಿತು. ಅವನು ಹೆದರಿ ಮಾರಲಿಲ್ಲ. ಒಂಬತ್ತನೇ ವರ್ಷಕ್ಕೆ ಹಾಕಿದ್ದು ಮೂರು ಪಟ್ಟಾಯಿತು. ಹಳೆಯ ಮನೆಯ ಬೆಲೆ ಒಂದೂವರೆ ಪಟ್ಟೂ ಏರಿರಲಿಲ್ಲ. ಈಗ ಕೊಂಡೇಬಿಡೋಣವೆಂದು ಅವನು ಅಲ್ಲಿಗೆ ಹೋದ. ಹೊಸ ಯಜಮಾನ ಮಾರಲು ಸಿದ್ಧನಿದ್ದ. ಆದರೆ ಒಳಗಿನ ಗೋಡೆಗಳನ್ನೆಲ್ಲ ಒಡೆದು, ಬಾಗಿಲುಗಳನ್ನು ಬದಲಿಸಿ, ಒಂದೇ ದೊಡ್ಡ ಹಾಲ್ ಮಾಡಿದ್ದ. ಅವನು ಕೊಟ್ಟ ಕಾಫಿಯನ್ನೂ ಕುಡಿಯದೆ ಇವನು ಮೆಟ್ಟಿಲಿಳಿದ.

"ನೀನೇ ಗೆದ್ದೆ ಬಿಡಪ್ಪ" ಎಂದಳು ಅಕ್ಕ, ಫೋನಿನಲ್ಲಿ. ಲೆಕ್ಕ ತಪ್ಪಿದ್ದರೆ ಅಮ್ಮನ ಕಾಲು ಹಿಡಿದು ತಪ್ಪಾಯಿತು ಎಂದಾದರೂ ಅವನು ಅನ್ನಬಹುದಿತ್ತು. ಲೆಕ್ಕ ತಪ್ಪಿರಲಿಲ್ಲ.

ಆ ಸಂಜೆ ಅವನು ಮೊತ್ತ ಎಷ್ಟಾಗಿದೆಯೆಂದು ಅಮ್ಮನಿಗೆ ಹೇಳಿದ.

"ಹೌದಾ? ಒಳ್ಳೇದಾಯ್ತು ಬಿಡು" ಎಂದು ಅವಳು ಕೈ ಚಾಚಿದಳು. "ಸ್ವಲ್ಪ ಎಬ್ಬಿಸು. ಬಚ್ಚಲಿಗೆ ಹೋಗ್ಬೇಕು ಅಂತ ಮಧ್ಯಾಹ್ನದಿಂದ ಕಾಯ್ತಾ ಇದ್ದೀನಿ."