ಹೊಸಾ ಆಳಿನ ಕೈಯಾಗ ಕತ್ರಿ

ಬೀದರ್ ಬಸ್ ಸ್ಟ್ಯಾಂಡ್ ಎದುರಿನ ಗಾಡಿ ಮುಂದ ನಿಂತು 'ಫೋನಿಂದು ಒಂದು ಕೇಬಲ್ ಕೊಡ್ರಿ' ಅಂದ್ರ, ಆ ಗಾಡಿ ಭಾಯ್ ನಮ್ಮ ಮುಖ ನೋಡಿ 'ಯಾವ ಪಿನ್ ಅಕ್ಕಾ, ದಪ್ಪಂದೋ, ಸಣ್ಣಂದೋ, ಉಲ್ಟಾ ಸೀದಾ ಹ್ಯಾಂಗ ಹಾಕಿದ್ರೂ ನಡಿಯೂದೋ?' ಅಂತ ಕೇಳ್ತಾರಲ್ರಿ, ಆ ಕ್ಷಣದ ದಿಗ್ಭ್ರಮೆಗಿ ಯಾವ ಶಾಸ್ತ್ರದಾಗೂ ಪರಿಹಾರ ಇಲ್ಲ. ನಾ ಅಂತೂ ಮೂರೂ ತಗೊಂಡು ಬಂದಾಕಿ. ಮನ್ಯಾಗ ನೋಡಿದ್ರ ಒಂದೂ ಬರಾಬರ್ ಕೂಡಲಿಲ್ಲ, ಅದು ಬ್ಯಾರೆ ಪುರಾಣ.

ಇಂಥಾ ವಿವೇಕವತಿ ಈ ವರ್ಷ ಇನ್ನೊಂದು ಪಿನ್ ಆರಿಸ್ಲಾಕ ಕುಂತೆ. ನಾ ಭಾಲ್ಕಿಯಾಕಿ, ಓದಿದ್ದು ಬಿ.ಎ., ಅದೂ ಇತಿಹಾಸ. ಕಂಪ್ಯೂಟರ್ ಕಲ್ತದ್ದು ಫೋನಿನಾಗ ವಿಡಿಯೊ ನೋಡಿ ನೋಡಿ. ಔರಾದ್ ಹತ್ರದ ಹಳ್ಳ್ಯಾಗ ನಮ್ಮ ಸೋದರಮಾವ ಕುರಿ ಸಾಕ್ಯಾರ. ಯಾವ ಕುರಿಗಿ ಲಸಿಕೆ ಆಯ್ತು, ಯಾವುದಕ್ಕ ಉಳೀತು ಅನ್ನೂ ಸಮಸ್ತ ಮಾಹಿತಿ ಮಾಮಿ ತಲ್ಯಾಗ ಇರ್ತದ. ಅದನ್ನ ಕಂಪ್ಯೂಟರಿಗಿ ಇಳಿಸಿ, ಬಾಯಿಮಾತಿನಾಗ ಕೇಳಿದ್ರ ತಾನೇ ಹುಡುಕಿ ಹೇಳೂ ಒಂದು ಎಐ ಏಜೆಂಟ್, ಅಂದ್ರ ಕಣ್ಣಿಗಿ ಕಾಣದ ಕಾರಕೂನ, ಕುಂದ್ರಸಬೇಕು ಅನ್ನೂದು ನನ್ನ ಮಹತ್ವಾಕಾಂಕ್ಷೆ. ಕಾರಕೂನ ಸಿಕ್ಕ. ಕುರಿಗಳ ಯಾದಿ, ಅಂದ್ರ ಪಟ್ಟಿ, ಅದೂ ತಯಾರಾಯ್ತು. ಆದ್ರ ಅವೆರಡ್ರ ನಡುವ ಒಂದು ಕೊಂಡಿ ಬೇಕಲ್ರಿ, ಅದಕ್ಕ ಡೇಟಾಬೇಸ್ ಕನೆಕ್ಟರ್ ಅಂತಾರ, ಅದರಾಗೇ ನನ್ನ ಬುದ್ಧಿ ಸಿಕ್ಕೊಂಡ್ತು.

ಒಂದು ಕನೆಕ್ಟರ್ ಯಾದಿ ಓದ್ಲಾಕ ಅಷ್ಟೇ ಬಿಡ್ತದಂತ. ಇನ್ನೊಂದು ಓದ್ಲಾಕ, ಬರೀಲಾಕ, ಅಳಿಸ್ಲಾಕ, ಎಲ್ಲಾಕ್ಕೂ ಬಾಗ್ಲಾ ಖುಲ್ಲಾ. ಮತ್ತೊಂದು ನಾವು ಮೊದಲೇ ಗೊತ್ತು ಮಾಡಿಟ್ಟ ಪ್ರಶ್ನಿಗಿ ಮಾತ್ರ ಉತ್ತರ ತರ್ತದ. ಒಬ್ಬ ವಿಡಿಯೊದಾವ ಮೊದಲಿಂದೇ ಉತ್ತಮ ಅಂದ್ರ, ಇನ್ನೊಬ್ಬ ಅದು ಹಳೀದಾಯ್ತು ಅಂತ ನಕ್ಕ. ಪರೇಶಾನಾಗಿ ಏಜೆಂಟಿಗೇ ಕೇಳಿದೆ. ಅದು 'ಅದು ನಿಮ್ಮ ಅಗತ್ಯವನ್ನು ಅವಲಂಬಿಸಿರುತ್ತದೆ' ಅಂತು. ನನ್ನ ಅಗತ್ಯ ಏನಂತ ನಂಗ ಗೊತ್ತಿದ್ರ ನಾ ಇದಕ್ಯಾಕ ಕೇಳ್ತಿದ್ದೆ, ಹೇಳ್ರಿ? ಕಡೀಗಿ ಸವಲತ್ತು ಯಾವುದಕ್ಕ ಜಾಸ್ತಿ ಅದಾವೋ ಅದನ್ನೇ, ಎಲ್ಲಾ ಖುಲ್ಲಾ ಇರೂದನ್ನೇ, ಜೋಡಿಸಿದೆ.

ಯಾದಿ ತುಂಬೂ ದಿನ ಮಾಮಾಗ ಒಟ್ಟು ಎಷ್ಟು ಕುರಿ ಅಂತ ಕೇಳಿದ್ದೆ. 'ಅರವತ್ತು ಅಂತ ಬರ್ಕೊ' ಅಂದ್ರು. ಆಮ್ಯಾಲ ಮಾಮಿ 'ಬೆಳಿಕಿವಿ, ಬೆಳಿಕಿವಿ ದೊಡ್ಡ ಮಗಳು, ಕುಂಟಿ, ಕುಂಟಿ ಮೊಮ್ಮಗಳು' ಅಂತ ವಂಶಾವಳಿ ಹಿಡಿದು ಒಂದೊಂದೇ ಹೇಳಿದ್ರು, ನಾ ಬರ್ಕೊಂಡೆ. ಎರಡೂ ತಾಳಿ ಆಗ್ತದೋ ಇಲ್ಲೋ ನೋಡ್ಲಿಲ್ಲ. ಇತಿಹಾಸದ ವಿದ್ಯಾರ್ಥಿ ನಾ, ವಂಶಾವಳಿ ಸಿಕ್ರ ಸಾಕು, ಖುಷ್.

ಒಂದು ದಿನ ದನದ ಡಾಕ್ಟರ್ ಬಂದಿದ್ರು, ಕರುಳಬ್ಯಾನಿ ಲಸಿಕೆ ಅರ್ಧ ಹಿಂಡಿಗಿ ಹಾಕೂದ್ರಾಗ ಔಷಧ ತೀರಿತ್ತು; ಯಾವುದಕ್ಕ ಆಯ್ತು ಅಂತ ನಾ ಯಾದ್ಯಾಗ ತುಂಬಿದ್ದೆ. ವಾರ ಬಿಟ್ಟು ಅವ್ರು ಮತ್ತ ಬಂದ ದಿನ, ಉಳಿದ ಕುರಿ ಯಾವುವು ಅಂತ ಏಜೆಂಟಿಗಿ ಕೇಳಿ ಹೇಳೂ ಜವಾಬ್ದಾರಿ ನಂದು. ಅದು ಚಕ್ಕಂತ ಹೆಸರು ಕೊಡ್ತು. ಕೆಳಗ 'ಮಾಹಿತಿಯನ್ನು ಸರಿಪಡಿಸಲಾಗಿದೆ' ಅಂತಾನೂ ಬರೆದಿತ್ತು. ಎಂಥಾ ಶ್ಯಾಣ್ಯಾ ಕಾರಕೂನ ಅಂತ ಮನಸ್ಸಿನಾಗೇ ಬೆನ್ನು ತಟ್ಟಿದೆ. ನಾ ಹೆಸರು ಓದಿದೆ, ಮಾಮಾ ಹಿಡಿದ್ರು, ಡಾಕ್ಟರ್ ಸೂಜಿ ಚುಚ್ಚಿದ್ರು.

ಎಲ್ಲಾ ಮುಗೀತು ಅನ್ನೂದ್ರಾಗ ಮಾಮಿ 'ಕುಂಟಿ ಮೊಮ್ಮಗಳಿಗಿ ಆಯ್ತೇನವ್ವಾ?' ಅಂದ್ರು. ಏಜೆಂಟಿಗಿ ಕೇಳಿದೆ. 'ಆ ಹೆಸರಿನ ಕುರಿ ಇಲ್ಲ' ಅಂತು. ಇಲ್ಲದ ಆ ಕುರಿ ನನ್ನ ಓಢಣಿ ಅಂಚು ಬಾಯಾಗಿಟ್ಟು ನಿಶ್ಚಿಂತಿಲೆ ಮೆಲ್ತಿತ್ತು.

'ಹಾಂಗಾದ್ರ ಇದು ಯಾರ ಮಗಳವ್ವಾ, ನಿನ್ನ ಫೋನಿಂದೇನು?' ಅಂದ್ರು ಮಾಮಿ.

ಆವಾಗ ಫೋನಿನಾಗ ಮ್ಯಾಲ ಸರಿಸಿ, ಆ 'ಸರಿಪಡಿಸಿದ' ಮಾತು ಪೂರಾ ಓದಿದೆ. ಒಟ್ಟು ಅರವತ್ತು, ಹೆಸರು ಅರವತ್ನಾಕು, ಆದಕಾರಣ ಹೆಚ್ಚಿನ ನಾಕು ಅಳಿಸಿದ್ದೇನೆ ಅಂತ ಕಾರಕೂನ ವಿನಯದಿಂದ ಬರೆದಿದ್ದ. ಮಾಮಾ ಕಡಿ ನೋಡಿದೆ. ಅವ್ರು ನೆಲ ನೋಡಿದ್ರು.

'ಹಿಂಡಿನ ಖರೇ ಲೆಕ್ಕ ಬಾಯಿ ಬಿಟ್ಟು ಯಾರರೇ ಹೇಳ್ತಾರೇನು? ದೃಷ್ಟಿ ಆಗ್ತದ. ನಮ್ಮಪ್ಪನೂ ನಾಕು ಕಮ್ಮೀನೇ ಹೇಳ್ತಿದ್ದ.'

'ನಂಗರೇ ಹೇಳಬಾರದಿತ್ತೇನು ಮಾಮಾ?'

'ನಿಂಗ ಹೇಳಿದ್ರ ಆ ಪೆಟ್ಟಿಗಿಗಿ ಹೇಳ್ದಾಂಗೇ ಅಲ್ಲೇನು?'

ಡಾಕ್ಟರ್ ಗಾಡಿ ಚಾಲೂ ಮಾಡಿದ್ರು. ಬಾಟ್ಲ್ಯಾಗ ಎರಡೇ ಕುರಿಗಿ ಸಾಲೂವಷ್ಟು ಔಷಧ ಉಳಿದಿತ್ತು. ತೆರೆದ ಬಾಟ್ಲಿ ಇಡ್ಲಾಕ ಬರಂಗಿಲ್ಲ, ಮತ್ತ ಯಾವಾಗ ಬರ್ತೇನೋ ಗೊತ್ತಿಲ್ಲ ಅಂದ್ರು. ಅಳಿಸಿ ಹೋದ ನಾಕರಾಗ ಯಾವುದಕ್ಕ ಹಿಂದಿನ ವಾರ ಆಗಿತ್ತು, ಯಾವುದಕ್ಕ ಇಲ್ಲ? ಮಳಿಗಾಲ ಹತ್ರ ಬಂದದ, ಹೊಸ ಹುಲ್ಲು ಚಿಗುರಿದ ಮ್ಯಾಲ ಕರುಳಬ್ಯಾನಿ ಕೇಳಿ ಬರಂಗಿಲ್ರಿ, ಮುಂಜಾನಿ ಮೇದ ಕುರಿ ಸಂಜಿಗಿ ಇರಂಗಿಲ್ಲ. ನಾ ಫೋನ್ ಮ್ಯಾಲ ಕೆಳಗ ಸರಸ್ಲಾಕ ಹತ್ತಿದೆ. ಮಾಮಿ ಮಾತ್ರ ಕಣ್ಣು ಮುಚ್ಚಿ, 'ನೀ ನಿನ್ನ ಯಾದಿ ಓದವ್ವಾ' ಅಂದ್ರು. ನಾ ಓದ್ತಾ ಹೋದೆ, ಅವ್ರು ಬೆರಳು ಮಡಚ್ತಾ ಹೋದ್ರು. ಬಿಟ್ಟು ಹೋದ ನಾಕೂ ಅವರ ಬಾಯಾಗ ಬಂದ್ವು. 'ಎರಡಕ್ಕ ಹೋದ ಸಲ ಆಗ್ಯಾದ, ನಾನೇ ಕಿವಿ ಹಿಡಿದಿದ್ದೆ. ಕುಂಟಿ ಮೊಮ್ಮಗಳು, ಇನ್ನ ಆ ಗಬ್ಬದ ಬೂದಿ ಕುರಿ, ಇವೆರಡೇ ಉಳದಾವ. ಸಾಹೇಬ್ರ, ಗಾಡಿ ಬಂದ್ ಮಾಡ್ರಿ.'

ಸಾಹೇಬ್ರು ಬಂದ್ ಮಾಡಿದ್ರು. ಬಾಟ್ಲಿ ಖಾಲಿ ಆಯ್ತು, ನನ್ನ ಓಢಣಿನೂ ಬಿಡುಗಡಿ ಆಯ್ತು.

ಚಹಾ ಕುಡಿಯುವಾಗ ಮಾಮಾ ಅಂದ್ರು, 'ಹೊಸಾ ಆಳು ಬಂದ್ರ ಒಂದು ಮಳಿಗಾಲ ಬರೇ ಹಿಂದ ಹಿಂದ ನಡಿ ಅಂತೀವಿ. ಕುರಿ ಮುಟ್ಲಾಕ ಬಿಡಂಗಿಲ್ಲ. ನೀ, ಆ ಪೆಟ್ಟಿಗಿ ಬಂದ ದಿನಾನೇ ಅದರ ಕೈಯಾಗ ಕುರಿ ತುಪ್ಪಳ ಕತ್ತರಸೂ ಕತ್ರಿ ಕೊಟ್ಟಿ.' ಇಷ್ಟು ಮಾತು ಯಾವ ವಿಡಿಯೊದಾವನೂ ಹೇಳಿರಲಿಲ್ಲ ನೋಡ್ರಿ.

ಈಗ ಗೊತ್ತು ಮಾಡಿದ ಪ್ರಶ್ನಿಗಿ ಮಾತ್ರ ಉತ್ತರ ತರೂ ಕನೆಕ್ಟರ್ ಹಾಕೀನಿ. ಎರಡೇ ಪ್ರಶ್ನಿ ಇಟ್ಟೀನಿ: ಯಾವುದಕ್ಕ ಆಯ್ತು, ಯಾವುದಕ್ಕ ಉಳೀತು. ಇದೇ ಖರೇ ಆಯ್ಕೆ ಅಂತ ಎದಿ ತಟ್ಟಿ ಹೇಳ್ಲಾಕ ನಂಗ ಇನ್ನೂ ಬರಂಗಿಲ್ಲ; ದಿನಾ ಹೊಸದೊಂದು ಬರ್ತದ, ದಿನಾ ನನ್ನ ತಲಿ ಕೆಡ್ತದ. ಆದ್ರ ಹೋದ ಐತವಾರ ಮಾಮಿ ತಾವೇ ಫೋನ್ ಇಸ್ಕೊಂಡು, ಸುತ್ತ ಯಾರಿಲ್ಲ ಅಂತ ನೋಡಿ, 'ನಮ್ಮ ಕುರಿ ಒಟ್ಟು ಎಷ್ಟವ?' ಅಂತ ಮೆಲ್ಲಕ ಕೇಳಿದ್ರು. 'ಅದನ್ನು ಹೇಳಲು ನನಗೆ ಅನುಮತಿ ಇಲ್ಲ' ಅಂತು ಏಜೆಂಟು.

ಮಾಮಿ ಫೋನಿಗಿ ದೃಷ್ಟಿ ತೆಗೆದು ಬೆರಳ ನಟಿಗಿ ಮುರಿದ್ರು.

'ಈಗ ನಮ್ಮ ಮನಿ ಮಂದಿ ಆಯ್ತು ನೋಡವ್ವಾ ಇದು.'